ನಿಷ್ಕಾರಣವಾಗಿ ಬೆಂಗಳೂರಿಗೆ

ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನ ದಾರಿ ಸುಮಾರು 70 ಕಿಲೋಮೀಟರು. ಇದನ್ನು ದೂರವೆಂದು ನಮ್ಮ ಕಡೆಯವರಾರೂ ಎಣಿಸುವುದಿಲ್ಲ. 2001ನೆಯ ಇಸವಿ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದಂದಿನಿಂದ, ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ನಸುಕಿನಲ್ಲಿಯೇ ಗಾಡಿ ಹತ್ತಿ, ಬೆಂಗಳೂರಿನಲ್ಲಿ ದಿನವೆಲ್ಲ ದುಡಿದು, ರಾತ್ರಿಯ ಹೊತ್ತಿಗೆ ಮನೆ ಸೇರುವ ಜನ ಸಾವಿರಾರು. ಅವರಿಗೆ ಬೆಂಗಳೂರೆಂದರೆ ಅನ್ನದ ಊರು. ಮಿಕ್ಕವರಿಗೆ ಅದು ಮದುವೆಯ ಊರು, ಕೋರ್ಟಿನ ಊರು, ಆಸ್ಪತ್ರೆಯ ಊರು. ಯಾವುದಾದರೂ ಆಗಲಿ, ಅಲ್ಲಿಗೆ ಹೋಗತಕ್ಕವನ ಕೈಯಲ್ಲಿ ಒಂದು ಚೀಲವಿರುವಂತೆ ಬಾಯಲ್ಲಿ ಒಂದು ಕಾರಣವೂ ಇರಬೇಕು. ಪ್ರಯೋಜನವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಮನುಷ್ಯನು ಯಾವ ಕಾರ್ಯಕ್ಕೂ ಕೈಹಾಕುವುದಿಲ್ಲವೆಂಬ ಮೀಮಾಂಸಕರ ಅಭಿಪ್ರಾಯವನ್ನು ನಾನು ಪಾಠಶಾಲೆಯಲ್ಲಿ ಓದಿದ್ದೆ. ಅದಕ್ಕೆ ದೃಷ್ಟಾಂತಗಳನ್ನು ಬೇಕಾದಷ್ಟು ಕಂಡದ್ದು ಮಾತ್ರ ಬಂಗಾರಪೇಟೆಯ ಪ್ಲಾಟ್‌ಫಾರಮಿನಲ್ಲಿ.

ಮೂವತ್ತಾರು ವರುಷ ಉಪಾಧ್ಯಾಯನಾಗಿದ್ದ ನಾನೂ ಈ ನಿಯಮಕ್ಕೆ ಹೊರಗಾದವನಲ್ಲ. ಉತ್ತರಪತ್ರಿಕೆಗಳನ್ನು ತಿದ್ದುವುದಕ್ಕೆ ಹೋಗಿದ್ದೇನೆ, ನೆಂಟರಿಷ್ಟರ ಶುಭಾಶುಭಗಳಿಗೆ ಹೋಗಿದ್ದೇನೆ, ಪಿಂಚಣಿಯ ಕಾಗದಗಳ ಹಿಂದೆ ಹೋಗಿದ್ದೇನೆ. ಗಂಡಹೆಂಡಿರಿಬ್ಬರೇ, ಯಾರ ಮನೆಗೂ ಅಲ್ಲದೆ, ಯಾವ ಕೆಲಸಕ್ಕೂ ಅಲ್ಲದೆ, ಸುಮ್ಮನೆ ಸಂತೋಷಕ್ಕಾಗಿ ಹೋದದ್ದು ಹಿಂದೆಂದೂ ಇರಲಿಲ್ಲ. ಕಳೆದ ಚಳಿಗಾಲದ ಒಂದು ಶನಿವಾರ ಹಾಗೆ ಹೋಗಿಬಂದೆವು. ಅಂಗಡಿ ನೋಡಿದೆವು, ಹೋಟಲಿನಲ್ಲಿ ಉಂಡೆವು, ನಾಟಕ ನೋಡಿದೆವು. ಇಷ್ಟೇ ಸಂಗತಿ. ಪಟ್ಟಣದ ಯುವಕರು ವಾರಕ್ಕೊಮ್ಮೆ ಮಾಡುವ ಈ ಕಾರ್ಯವನ್ನು ನಾವು ಅರುವತ್ತು ದಾಟಿದ ಮೇಲೆ ಮಾಡಿದೆವೆಂಬುದನ್ನು ಬಿಟ್ಟರೆ ಇದರಲ್ಲಿ ಅತಿಶಯವೇನೂ ಇಲ್ಲ. ಆದರೂ ಆ ದಿನದ ವಿಷಯವನ್ನು ಬರೆಯಬೇಕೆನ್ನಿಸಿದೆ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಎರಡು ವರುಷಗಳ ಹಿಂದೆ ನನ್ನ ಹೆಂಡತಿಯ ಕೊರಳಿನಲ್ಲಿ ಒಂದು ಗಂಟು ಕಾಣಿಸಿತು. ಥೈರಾಯ್ಡ್ ಗ್ರಂಥಿಯಲ್ಲಿ ಬೆಳೆದದ್ದು, ತೆಗೆಯಬೇಕು ಎಂದು ವೈದ್ಯರು ಹೇಳಿದರು. ಧ್ವನಿಯನ್ನು ನಡೆಸುವ ನರ ಆ ಗ್ರಂಥಿಯ ಹಿಂಭಾಗಕ್ಕೆ ಅಂಟಿದಂತೆಯೇ ಹೋಗುವುದರಿಂದ, ಎಷ್ಟು ಎಚ್ಚರವಹಿಸಿದರೂ ಸ್ವರ ಕೆಲವು ಕಾಲ ಕುಗ್ಗಬಹುದು, ಕೆಲವರಿಗೆ ಹಾಗೆಯೇ ಉಳಿಯಲೂಬಹುದು ಎಂಬುದನ್ನೂ ಮುಂಚಿತವಾಗಿಯೇ ತಿಳಿಸಿದರು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅಂದು ಬೆಳಗ್ಗೆ ದಾದಿಯೊಬ್ಬಳು ತಾಳಿ, ಓಲೆ, ಮೂಗುಬಟ್ಟುಗಳನ್ನು ಒಂದು ಕಾಗದದಲ್ಲಿ ಸುತ್ತಿ ತಂದು ನನ್ನ ಕೈಗಿತ್ತು ರುಜು ಹಾಕಿಸಿಕೊಂಡಳು. ನಾಲ್ಕು ಗಂಟೆಯ ಕಾಲ ಆ ಪೊಟ್ಟಣ ನನ್ನ ಅಂಗಿಯ ಜೇಬಿನಲ್ಲಿತ್ತು. ಅದರ ತೂಕವೆಷ್ಟೆಂದು ಯಾವ ಅಂಗಡಿಯವನೂ ಹೇಳಲಾರನು.

ಗಂಟು ಕೆಟ್ಟದ್ದಲ್ಲವೆಂದು ಹದಿನೈದು ದಿನಗಳ ಮೇಲೆ ಗೊತ್ತಾಯಿತು. ಈಶ್ವರನ ದಯೆ. ಎರಡು ತಿಂಗಳಲ್ಲಿ ಮಾತು ಮರಳಿ ಬಂತು; ಆದರೆ ಮೊದಲಿನ ಧ್ವನಿಯಾಗಿ ಬರಲಿಲ್ಲ, ಸ್ವಲ್ಪ ಒಡೆದು, ತಗ್ಗಿ ಬಂತು. ಹಾಡು ಬರಲಿಲ್ಲ. ಬರಲಿಲ್ಲವೆನ್ನುವುದಕ್ಕಿಂತ ಅವಳೇ ಅದನ್ನು ಕರೆಯಲಿಲ್ಲವೆಂದರೆ ಸರಿಯಾದೀತು. ಸಂಜೆ ದೀಪ ಹಚ್ಚಿದ ಮೇಲೆ ತುಟಿ ಮಾತ್ರ ಆಡಿಸಿ ಕೈಮುಗಿಯುತ್ತಿದ್ದಳು.

ಅವಳ ಹಾಡು ಗಣಿಯ ಸೀಮೆಯಲ್ಲಿ ಕಲಿತದ್ದು. ಮಾವನವರು ಗಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ರಾಬರ್ಟ್‌ಸನ್‌ಪೇಟೆಯ ಆ ಬೀದಿಯಲ್ಲಿ ಒಂದು ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ಎದುರುಮನೆಯಲ್ಲಿ ಆಂಗ್ಲೋ-ಇಂಡಿಯನ್ನರ ಇಂಗ್ಲಿಷ್. ಬಾಲ್ಯದಲ್ಲಿ ಗುಬ್ಬಿ ಕಂಪನಿಯ ನಾಟಕಗಳನ್ನು ಕಂಡಿದ್ದ ಮಾವನವರು ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಆ ರಂಗಗೀತೆಗಳನ್ನು ಹಾಡುವರು. ಮಗಳು ಕೇಳಿ ಕಲಿತಳು. ನಮ್ಮ ಮನೆಗೆ ಬಂದ ಮೇಲೆ ದೇವರನಾಮಗಳ ನಡುವೆ ಅವು ಹೇಗೋ ನುಸುಳಿಕೊಂಡು ಬರುತ್ತಿದ್ದವು. ಹೂರಣ ರುಬ್ಬುವಾಗ ಸ್ತ್ರೀಪಾತ್ರದ ಪ್ರಲಾಪ, ಕಸ ಗುಡಿಸುವಾಗ ರಾಜನ ಸ್ವಗತ. ವ್ಯಾಕರಣ ಪಾಠಕ್ಕೆ ಬರುತ್ತಿದ್ದ ನನ್ನ ಶಿಷ್ಯರು ಶಬ್ದರೂಪಗಳಿಗಿಂತ ಆ ಹಾಡುಗಳನ್ನು ಬೇಗ ಕಂಠಪಾಠ ಮಾಡಿದ್ದರೆಂಬುದು ನನಗೆ ಗೊತ್ತು.

ಹೀಗಿರಲು, ಪುಣೆಯಲ್ಲಿರುವ ನಮ್ಮ ಮಗಳು ಒಂದು ದಿನ ದೂರವಾಣಿಯಲ್ಲಿ, “ಅಪ್ಪಾ, ರಂಗಶಂಕರದಲ್ಲಿ ‘ಸದಾರಮೆ’ ಇದೆ. ಎರಡು ಟಿಕೀಟು ತೆಗೆದಿದ್ದೇನೆ. ಮಧ್ಯಾಹ್ನ ಊಟಕ್ಕೂ ಒಂದು ಕಡೆ ಹೇಳಿಟ್ಟಿದ್ದೇನೆ. ಅಮ್ಮನನ್ನು ಕರೆದುಕೊಂಡು ಹೋಗಿಬನ್ನಿ. ನನಗೆ ಏನೂ ತರಬೇಡಿ” ಎಂದಳು. ಅವಳ ತಾಯಿಗೆ ಹೇಳಿದಾಗ ಬಂದ ಮೊದಲನೆಯ ಪ್ರಶ್ನೆ, “ಯಾಕೆ ಹೋಗ್ತಿದೀವಿ ಅಂತ ಕೇಳಿದವರಿಗೆ ಏನನ್ನೋಣ?” ಎಂಬುದು. ಪಕ್ಕದ ಮನೆಯವರಿಗೆ, ಹಾಲಿನವಳಿಗೆ, ದೇವಸ್ಥಾನದ ಅರ್ಚಕರಿಗೆ, ಇಷ್ಟು ಜನಕ್ಕೆ ಉತ್ತರ ಹೇಳಬೇಕು. ಕಡೆಗೆ ಅವಳೇ ಒಂದು ಕಾರಣವನ್ನು ಹುಡುಕಿಕೊಂಡಳು: ತಾಳಿಯ ಕೊಂಡಿ ಸವೆದಿದೆ, ಚಿಕ್ಕಪೇಟೆಯಲ್ಲಿ ಸರಿಮಾಡಿಸಬೇಕು. ಈ ಕೆಲಸಕ್ಕೆ ಬಂಗಾರಪೇಟೆಯಲ್ಲಿಯೇ ಹತ್ತು ಅಂಗಡಿಗಳಿವೆ. ಅದನ್ನು ನಾನು ಹೇಳಲಿಲ್ಲ.

ರೈಲಿನ ಪ್ರಯಾಣವನ್ನು ವರ್ಣಿಸತಕ್ಕದ್ದಿಲ್ಲ. ಟೇಕಲ್ಲಿನ ಬಂಡೆಗಳು ಯಾವಾಗಲೂ ಇರುವಂತೆ ಇದ್ದವು. ಮಾಲೂರು ಬಂದಾಗ, ಮಾಸ್ತಿಯವರ ಊರು ಇಲ್ಲಿಂದ ಹತ್ತಿರವೆಂದು ನಾನು ಹೇಳಿದೆ; ಪ್ರತಿಸಲವೂ ಹೇಳುತ್ತೇನೆಂದು ಅವಳು ಹೇಳಿದಳು. ವೈಟ್‌ಫೀಲ್ಡಿನಲ್ಲಿ ಅರ್ಧ ಗಾಡಿ ಖಾಲಿಯಾಯಿತು. 2023ರಲ್ಲಿ ಅಲ್ಲಿಯವರೆಗೆ ಮೆಟ್ರೋ ರೈಲು ಬಂದ ಮೇಲೆ ನಮ್ಮ ಕಡೆಯ ಬಹುಜನ ಅಲ್ಲಿಯೇ ಇಳಿದು ಊರೊಳಕ್ಕೆ ಹೋಗುತ್ತಾರೆ. ನಾವು ಕೊನೆಯವರೆಗೂ ಹೋಗಿ, ಮೆಜೆಸ್ಟಿಕ್ಕಿನಲ್ಲಿ ನೆಲದೊಳಕ್ಕಿಳಿದು, ಚಿಕ್ಕಪೇಟೆಯಲ್ಲಿ ಮೇಲಕ್ಕೆದ್ದೆವು. ಗಣಿಯವರ ಮಗಳಾದ್ದರಿಂದ ಭೂಮಿಯೊಳಗೆ ಇಳಿಯುವುದು ತನಗೆ ಹೊಸದಲ್ಲವೆಂದು ಅವಳು ನಕ್ಕಳು. ಚಾಂಪಿಯನ್ ರೀಫ್ ಗಣಿ ಹತ್ತು ಸಾವಿರ ಅಡಿಗಿಂತಲೂ ಆಳ. ಮಾವನವರು ಆ ಆಫೀಸಿನಲ್ಲಿ ಅಷ್ಟು ವರುಷ ಲೆಕ್ಕ ಬರೆದರೂ ಒಂದು ಸಲವೂ ಇಳಿದವರಲ್ಲ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ಹೃದಯಸ್ಥಾನ ಚಿಕ್ಕಪೇಟೆ. ಈಗಲೂ ಅಲ್ಲಿ ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ಅಂಗಡಿಯ ಮೆಟ್ಟಿಲು ಹತ್ತಬೇಕು. ಹತ್ತಿದ ಮೇಲೆ ಏನಾದರೂ ಕೊಳ್ಳಬೇಕು. ವರ್ತಕರ ಜಾಣತನ ಬೀದಿಯ ಅಗಲದಲ್ಲಿಯೇ ಅಡಗಿದೆ. ಒಂದು ಸೀರೆಯ ಅಂಗಡಿಯಲ್ಲಿ ಬಿಳಿಯ ಹಾಸಿನ ಮೇಲೆ ಕುಳಿತೆವು. ಅಂಗಡಿಯವನು, “ಯಾರಿಗೆ ಅಮ್ಮಾ?” ಎಂದು ಕೇಳಿದನು. ಅಭ್ಯಾಸಬಲದಿಂದ ಅವಳು, “ಸೊಸೆಗೆ” ಎಂದಳು. ನಲವತ್ತು ವರುಷ ಆ ಪ್ರಶ್ನೆಗೆ ಅವಳು ಕೊಟ್ಟ ಉತ್ತರಗಳು ನಾದಿನಿಗೆ, ಅತ್ತಿಗೆಗೆ, ಮಗಳಿಗೆ, ಸೊಸೆಗೆ ಎಂಬಿವೇ. ಅಂಗಡಿಯವನು ಮಿಂಚುವ ಬಣ್ಣಗಳನ್ನು ಒಂದಾದ ಮೇಲೊಂದು ಬಿಡಿಸಿ ಹಾಸಿದನು. ಸ್ವಲ್ಪ ಹೊತ್ತು ನೋಡುತ್ತಿದ್ದು, “ಅಲ್ಲಪ್ಪಾ, ನನಗೇನೆ” ಎಂದಳು. ಅವನು ಒಂದು ಮಾತೂ ಆಡದೆ ಎಲ್ಲವನ್ನೂ ಬದಿಗೆ ಸರಿಸಿ, ಬೇರೆ ಬೀರು ತೆಗೆದು, ನೇರಿಳೆ ಬಣ್ಣಕ್ಕೆ ಸಣ್ಣ ಜರಿಯ ಅಂಚಿದ್ದ ಒಂದನ್ನು ಎದುರಿಗಿಟ್ಟನು. ಅದೊಂದನ್ನೇ. ಅವಳು ಚೌಕಾಸಿ ಮಾಡಿದಳು, ಅದೂ ಹೆಸರಿಗೆ. ಇಷ್ಟು ಬೇಗ ಮುಗಿದ ಸೀರೆಯ ವ್ಯಾಪಾರವನ್ನು ನಾನು ಕಂಡದ್ದಿಲ್ಲ.

ಚಿನ್ನದ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಅಂಗಡಿಯ ಹಿಂಭಾಗದಲ್ಲಿ ಒಬ್ಬ ವೃದ್ಧ ಅಕ್ಕಸಾಲಿ ಕುಳಿತಿದ್ದನು. ಅವಳು ಮನೆಯಿಂದ ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ತಂದಿದ್ದಳು. ಅದನ್ನು ಕೊರಳಿಗೆ ಹಾಕಿಕೊಂಡ ಮೇಲೆಯೇ ತಾಳಿಯ ಸರವನ್ನು ಬಿಚ್ಚಿ ಕೊಟ್ಟಳು. ಆಸ್ಪತ್ರೆಯಲ್ಲಿ ಇದಕ್ಕೆ ಅವಕಾಶವಿರಲಿಲ್ಲವೆಂಬುದು ನಮ್ಮಿಬ್ಬರಿಗೂ ಒಂದೇ ಕ್ಷಣದಲ್ಲಿ ನೆನಪಾಗಿರಬೇಕು. ಅವಳು ನನ್ನ ಕಡೆ ನೋಡಿದಳು, ನಾನು ತಕ್ಕಡಿಯ ಕಡೆ ನೋಡಿದೆ. ಕೊಂಡಿಗೆ ಅರ್ಧ ಗ್ರಾಂ ಚಿನ್ನ ಸೇರಿಸಬೇಕೆಂದು ಅಕ್ಕಸಾಲಿ ಹೇಳಿದನು. 2025ರಲ್ಲಿ ಹತ್ತು ಗ್ರಾಂ ಅಪರಂಜಿಯ ಬೆಲೆ ಲಕ್ಷ ರೂಪಾಯಿ ದಾಟಿತು. ಅರ್ಧ ಗ್ರಾಂ ಎಂದರೆ ಮೇಷ್ಟ್ರ ಮನೆಯಲ್ಲಿ ಅಲಕ್ಷ್ಯ ಮಾಡುವ ಮಾತಲ್ಲ.

“ಯಾವ ಊರು ತಾಯೀ?” ಎಂದನು ಅಕ್ಕಸಾಲಿ, ಊದುಗೊಳವೆ ಕೈಯಲ್ಲಿ ಹಿಡಿದು.

“ತೌರುಮನೆ ಕೆ.ಜಿ.ಎಫ್.”

“ಚಿನ್ನದ ಊರಿನವರು ಚಿನ್ನಕ್ಕೆ ಇಲ್ಲಿಗೆ ಬಂದಿರಾ!”

ಈ ಮಾತನ್ನು ಆಡದ ಅಕ್ಕಸಾಲಿ ಬೆಂಗಳೂರಿನಲ್ಲಿ ಇರಲಾರನು. ಆದರೆ ಅದಕ್ಕೆ ಉತ್ತರವಾಗಿ ಅವಳು ಅಂದು ಹೇಳಿದ ಸಂಗತಿ ನನಗೂ ಹೊಸದಾಗಿತ್ತು. ಅವಳ ಮದುವೆಗೆ ಮಾವನವರು ಚಿನ್ನ ಕೊಂಡದ್ದೂ ಇದೇ ಚಿಕ್ಕಪೇಟೆಯಲ್ಲಿ, ಸಾಲ ಮಾಡಿ. ಜಾನ್ ಟೇಲರ್ ಕಂಪನಿಯವರು 1880ರಿಂದ ತೆಗೆದ ಚಿನ್ನ ಇಂಗ್ಲೆಂಡಿನ ಪಾಲುದಾರರಿಗೆ ಲಾಭವಾಯಿತು. 1956ರಲ್ಲಿ ಮೈಸೂರು ಸರ್ಕಾರವೂ, 1962ರಲ್ಲಿ ಕೇಂದ್ರ ಸರ್ಕಾರವೂ ಗಣಿಗಳನ್ನು ವಹಿಸಿಕೊಂಡ ಮೇಲೆ ಅದು ಸರ್ಕಾರದ ಬೊಕ್ಕಸಕ್ಕೆ ಹೋಯಿತು. ಗಣಿಯ ಜನಕ್ಕೆ ಉಳಿದದ್ದು ಕಲ್ಲಿನ ಪುಡಿಯ ಗುಡ್ಡಗಳು. 2018ರಲ್ಲಿ ಬಂದ ಸಿನಿಮಾ ಆ ಸಯನೈಡ್ ಗುಡ್ಡಗಳನ್ನು ಲೋಕಕ್ಕೆಲ್ಲ ತೋರಿಸಿತು. ಕೊನೆಯ ವರುಷಗಳಲ್ಲಿ ಒಂದು ಟನ್ನು ಕಲ್ಲನ್ನು ಅರೆದರೆ ಮೂರು ಗ್ರಾಂ ಚಿನ್ನ ಹೊರಡುವುದೂ ಕಷ್ಟವಾಗಿತ್ತು. “ನಮ್ಮಪ್ಪ ಹೇಳ್ತಿದ್ರು,” ಎಂದಳು, “ಈ ತಾಳಿ ಹಾಕಿಕೊಂಡಾಗ ಕೊರಳಲ್ಲಿ ಎರಡು ಗಾಡಿ ಕಲ್ಲು ಇದೆ ಅಂತ ತಿಳಕೋ, ಹಗುರವಾಗಿ ನೋಡಬೇಡ ಅಂತ.” ಅಕ್ಕಸಾಲಿ ಊದುವುದನ್ನು ನಿಲ್ಲಿಸಿ ಕೇಳಿದನು. ಕೂಲಿಯಲ್ಲಿ ಏನನ್ನೂ ಬಿಡಲಿಲ್ಲ; ಆದರೆ ಕರಿಮಣಿಯನ್ನು ಹೊಸದಾಗಿ ಪೋಣಿಸಿ ಕೊಟ್ಟನು.

ಊಟದ ವಿಷಯಕ್ಕೆ ಬರೋಣ. ಮಗಳು ಹೇಳಿಟ್ಟಿದ್ದುದು ಊರಿನ ದಕ್ಷಿಣಭಾಗದ ಒಂದು ಹೋಟಲು, ಹೆಸರು ಬೇಡ. ಇಂಥವನ್ನು ‘ಥೀಮ್’ ಹೋಟಲುಗಳೆನ್ನುತ್ತಾರೆ. ಅಂದರೆ, ಊಟದ ಜೊತೆಗೆ ನಾವು ಮತ್ತೆಲ್ಲಿಯೋ ಇದ್ದೇವೆಂಬ ಭಾವನೆಯನ್ನೂ ಬಡಿಸತಕ್ಕವು. ಆಟದ ರೈಲಿನ ಮೇಲೆ ತಟ್ಟೆ ಬರುವ ಹೋಟಲೂ ಬೆಂಗಳೂರಿನಲ್ಲಿ ಆಗಿದೆ, ಸೆರೆಮನೆಯ ವೇಷದ ಹೋಟಲೂ ಆಗಿದೆ. ಜಂಕ್ಷನ್ನಿನಲ್ಲಿ ಬಾಳಿದವರಿಗೆ ರೈಲು ಬೇಡ, ಮೂವತ್ತಾರು ವರುಷ ಸ್ಕೂಲಿನಲ್ಲಿದ್ದವನಿಗೆ ಸೆರೆಮನೆ ಬೇಡ ಎಂದು ಮಗಳು ಯೋಚಿಸಿದ್ದಳೋ ಏನೋ, ನಮಗೆ ಗೊತ್ತುಮಾಡಿದ್ದುದು ಹಳ್ಳಿಯ ಮನೆ. ಹುಲ್ಲಿನ ಚಪ್ಪರ, ಗೋಡೆಗೆ ಸೆಗಣಿಯಲ್ಲ, ಸೆಗಣಿಯ ಬಣ್ಣ. ಬಾಗಿಲಲ್ಲಿ ಗಾಡಿಯ ಚಕ್ರ. ಹಗಲಲ್ಲಿ ಉರಿಯುವ ಕಂದೀಲು. ನೀರಿಲ್ಲದ ಬಾವಿಗೆ ರಾಟೆ, ಹಗ್ಗ, ಕೊಡ. ರುಮಾಲು ಸುತ್ತಿ ಕಚ್ಚೆ ಹಾಕಿದ ಹುಡುಗರು. ನಮ್ಮ ಮೇಜಿಗೆ ಬಂದವನನ್ನು “ಯಾವೂರಪ್ಪಾ?” ಎಂದರೆ ಅವನಿಗೆ ಅರ್ಥವಾಗಲಿಲ್ಲ. ಒಡಿಶಾದವನು, ಬಂದು ಮೂರು ತಿಂಗಳಾಗಿತ್ತು. ಕನ್ನಡನಾಡಿನ ಹಳ್ಳಿಗನ ವೇಷದಲ್ಲಿ ಅವನು ಹಿಂದಿಯಲ್ಲಿ, “ಮುದ್ದೆ ಇನ್ನೊಂದು?” ಎಂದು ವಿಚಾರಿಸಿದನು.

ಪಾಠಶಾಲೆಯ ಬುದ್ಧಿ ಎಲ್ಲಿ ಕುಳಿತರೂ ಸುಮ್ಮನಿರುವುದಿಲ್ಲ. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂಬುದನ್ನು ಊಟದ ಉಪಮಾನದಿಂದ ಹೇಳಿದ್ದಾನೆ. ನಾನಾ ವ್ಯಂಜನಗಳಿಂದ ಸಂಸ್ಕಾರ ಹೊಂದಿದ ಅನ್ನವನ್ನು ಸುಮನಸ್ಕರು ಉಂಡು ಹೇಗೆ ರುಚಿಯನ್ನು ಅನುಭವಿಸುವರೋ, ಭಾವ ಅಭಿನಯಗಳಿಂದ ಕೂಡಿದ ನಾಟ್ಯವನ್ನೂ ಪ್ರೇಕ್ಷಕರು ಹಾಗೆಯೇ ಆಸ್ವಾದಿಸುವರೆಂದು ಅದರ ತಾತ್ಪರ್ಯ. ಅಭಿನಯಗಳು ನಾಲ್ಕು: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ಇವುಗಳಲ್ಲಿ ಆಹಾರ್ಯವೆಂದರೆ ವೇಷಭೂಷಣ, ರಂಗಸಜ್ಜಿಕೆ ಮೊದಲಾದುವು, ಹೊರಗಿನಿಂದ ತಂದು ತೊಡಿಸತಕ್ಕವು. ಈ ಹೋಟಲಿನಲ್ಲಿ ಆಹಾರ್ಯ ಹೆಚ್ಚಾಗಿ ಆಹಾರ ಕಡಿಮೆಯಾಗಿದೆಯೆಂದು ನಾನು ಹೇಳಿದೆ. ಶಬ್ದಚಮತ್ಕಾರ ನನಗೆ ಚೆನ್ನಾಗಿಯೇ ತೋರಿತು. ಎದುರಿಗಿದ್ದವಳು ಬಸ್ಸಾರಿನಲ್ಲಿ ಮುದ್ದೆಯ ತುತ್ತನ್ನು ಅದ್ದುತ್ತ, “ಸಾರು ಚೆನ್ನಾಗಿದೆ, ಮಾತಾಡದೆ ಊಟ ಮಾಡಿ” ಎಂದಳು.

ಅವಳು ಅಲ್ಲಿ ಪರೀಕ್ಷಿಸಿದ್ದು ಬೇರೆ ವಸ್ತುಗಳನ್ನು. ಮೂಲೆಯಲ್ಲಿ ಅಲಂಕಾರಕ್ಕೆಂದು ಒಂದು ಒರಳುಕಲ್ಲನ್ನೂ ರಾಗಿಕಲ್ಲನ್ನೂ ಇಟ್ಟಿದ್ದರು. ಕೈತೊಳೆದು ಬರುವಾಗ ಅವುಗಳ ಹತ್ತಿರ ನಿಂತು, ಗುಂಡು ಆ ಒರಳಿನದಲ್ಲ, ಬೇರೆ ಯಾವುದೋ ಸಣ್ಣ ಒರಳಿನದು, ಹೀಗೆ ಇಟ್ಟರೆ ಹಿಟ್ಟು ಒಂದು ಪಕ್ಕಕ್ಕೇ ನಿಂತುಬಿಡುತ್ತದೆ ಎಂದಳು. ರಾಗಿಕಲ್ಲಿನ ಮೇಲಿನ ಬಿಲ್ಲೆಯನ್ನು ಬೆರಳಿನಿಂದ ಸವರಿ, ಇದು ಬೀಸಿ ಬೀಸಿ ಸವೆದ ಕಲ್ಲು, ಯಾವಳೋ ಮೂವತ್ತು ವರುಷ ಬೀಸಿದ್ದಾಳೆ ಎಂದಳು. ಆ ಯಾವಳೋ ಒಬ್ಬಳ ಕಲ್ಲಿನ ಮುಂದೆ ಹುಡುಗ ಹುಡುಗಿಯರು ನಿಂತು ಚಿತ್ರ ತೆಗೆದುಕೊಳ್ಳುತ್ತಿದ್ದರು.

ಹೊರಗೆ ಬಂದ ಮೇಲೆ, ಈ ಬೆಲೆಗೆ ನಮ್ಮ ಮನೆಯಲ್ಲಿ ಎಂಟು ದಿನದ ಊಟವಾಗುತ್ತದೆಂದೂ ನಾವು ದಿನವೂ ಉಣ್ಣುವುದನ್ನೇ ವೇಷ ತೊಡಿಸಿ ಮಾರಿದರೆಂದೂ ನಾನು ಹೇಳಿದೆ. ಅದಕ್ಕೆ ಅವಳು ಕೊಟ್ಟ ಉತ್ತರವನ್ನು ಇದ್ದಂತೆಯೇ ಬರೆಯುತ್ತೇನೆ: “ನೀವು ದಿನಾ ಉಣ್ಣೋದು. ನಾನು ದಿನಾ ಮಾಡೋದು. ಇವತ್ತು ಮುದ್ದೆ ಬಿಸಿಬಿಸಿಯಾಗಿ ನನ್ನ ಎಲೆಗೆ ಬಂತು. ನಮ್ಮಮ್ಮ ಹೋದ ಮೇಲೆ ಇದೇ ಮೊದಲು.” ಈ ಉತ್ತರಕ್ಕೆ ಭರತನ ವ್ಯಾಖ್ಯಾನಕಾರರಲ್ಲಿ ಸಮಾಧಾನ ಸಿಕ್ಕುವುದಿಲ್ಲ. ಒಡಿಶಾದ ಹುಡುಗನಿಗೆ ಅವಳು ತನ್ನ ಮುರುಕು ಹಿಂದಿಯಲ್ಲಿ, ನಿನ್ನ ಊಟ ಆಯಿತೇ ಎಂದು ಕೇಳಿದ್ದಳು. ಮೂರೂವರೆಗೆ ಆಗುತ್ತದೆಂದು ಅವನು ಹೇಳಿದ್ದನು. ಅದೊಂದು ಅವಳ ಮನಸ್ಸಿನಲ್ಲಿ ಸಂಜೆಯವರೆಗೂ ಇತ್ತು.

ಮಧ್ಯಾಹ್ನ ಲಾಲಬಾಗಿನಲ್ಲಿ ಕಳೆಯಿತು. ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ನಾನು ನಿದ್ರೆಮಾಡಿದೆನಂತೆ. ಸಂಜೆ ಜಯಪ್ರಕಾಶನಗರದಲ್ಲಿ ಆಟೋಗೆ ಕಾಯುವಾಗ ಎದುರಿನ ಅಂಗಡಿಯ ಹಲಗೆಯ ಮೇಲೆ ದಪ್ಪಕ್ಷರದಲ್ಲಿ “ಬಂಗಾರಪೇಟೆ ಪಾನಿಪೂರಿ” ಎಂದು ಬರೆದಿತ್ತು. ನಮ್ಮೂರಿನ ತಿಳಿನೀರಿನ ಪೂರಿ ಇಲ್ಲಿ ಕೀರ್ತಿಶಾಲಿಯಾಗಿದೆಯೆಂದು ಕೇಳಿದ್ದೆ, ಕಂಡದ್ದು ಆಗಲೇ. ಬೌರಿಂಗ್ ಸಾಹೇಬರು 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದರು. ಅವರ ನೆನಪಿಗೆ ಬೌರಿಂಗ್‌ಪೇಟೆಯೆನಿಸಿದ್ದ ಊರು ಬಂಗಾರಪೇಟೆಯಾಗಿ, ಕಡೆಗೆ ಪೂರಿಯಿಂದ ಪ್ರಸಿದ್ಧವಾಯಿತು. ಹತ್ತು ಜನ ಸಾಲಿನಲ್ಲಿ ನಿಂತಿದ್ದರು. “ನಾವು ಬಂಗಾರಪೇಟೆಯವರು ಅಂದ್ರೆ ಮುಂದೆ ಬಿಡ್ತಾರೇನೋ” ಎಂದಳು. ನಿಲ್ಲಲಿಲ್ಲ, ಸಮಯವಿರಲಿಲ್ಲ. ರಂಗಶಂಕರದಲ್ಲಿ ಏಳೂವರೆಯೆಂದರೆ ಏಳೂವರೆ. ಬಾಗಿಲು ಹಾಕಿದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. 1990ರಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡ ಶಂಕರ್‌ನಾಗ್ ಅವರ ನೆನಪಿಗೆ ಪತ್ನಿ ಅರುಂಧತಿ ನಾಗ್ ಅವರು ಹತ್ತಾರು ಜನರ ನೆರವು ಕೂಡಿಸಿ ಕಟ್ಟಿಸಿ, 2004ರಲ್ಲಿ ತೆರೆದ ರಂಗಮಂದಿರವದು. ಸ್ಕೂಲಿನ ಗಂಟೆಗೆ ಹೊಂದಿಕೊಂಡು ಬಾಳಿದ ನನಗೆ ಈ ಒಂದು ನಿಯಮದಿಂದಲೇ ಆ ಸ್ಥಳದ ಮೇಲೆ ಗೌರವ ಹುಟ್ಟಿತು.

‘ಸದಾರಮೆ’ ಬೆಳ್ಳಾವೆ ನರಹರಿಶಾಸ್ತ್ರಿಗಳು ಗುಬ್ಬಿ ಕಂಪನಿಗೆ ಬರೆದುಕೊಟ್ಟ ನಾಟಕ. ಕಷ್ಟದ ಮೇಲೆ ಕಷ್ಟ ಬಂದರೂ ತನ್ನ ಬುದ್ಧಿಯ ಬಲದಿಂದಲೇ ಮಾನವನ್ನು ಕಾಪಾಡಿಕೊಂಡು, ಪುರುಷವೇಷದಿಂದ ಊರೂರು ತಿರುಗಿ, ಗಂಡನನ್ನು ಮತ್ತೆ ಕೂಡುವ ಹೆಣ್ಣಿನ ಕಥೆ. ಅದರಲ್ಲಿ ಬರುವ ಕಳ್ಳನ ಪಾತ್ರದಿಂದ ಗುಬ್ಬಿ ವೀರಣ್ಣನವರು ನಾಡನ್ನೆಲ್ಲ ನಗಿಸಿದ್ದರು. 1884ರಲ್ಲಿ ಹುಟ್ಟಿದ ಆ ಕಂಪನಿಯ ವೈಭವ ಹಿರಿಯರ ಬಾಯಲ್ಲಿ ಈಗಲೂ ಇದೆ. 1934ರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬಂದವು. ವೀರಣ್ಣನವರು 1972ರಲ್ಲಿ ತೀರಿಕೊಂಡರು; ಮುಂದೆ ಅವರ ಮೊಮ್ಮಗಳು ಬಿ. ಜಯಶ್ರೀಯವರೂ ಅದೇ ಕಳ್ಳನ ವೇಷ ಹಾಕಿ ಹೊಸ ಕಾಲದವರನ್ನು ನಗಿಸಿದರು.

ನಾವು ನೋಡಿದ ಆಟದಲ್ಲಿ ಆನೆಯೂ ಇಲ್ಲ, ಅರಮನೆಯ ಪರದೆಯೂ ಇಲ್ಲ. ಬರಿಯ ರಂಗ, ಎರಡು ಪೆಟ್ಟಿಗೆ, ಒಂದು ಪಕ್ಕದಲ್ಲಿ ಹಾರ್ಮೋನಿಯಂ ಮತ್ತು ತಬಲ. ಪೆಟ್ಟಿಗೆಯ ಮೇಲೆ ಕುಳಿತರೆ ಸಿಂಹಾಸನ, ಅದರ ಸುತ್ತ ಒಂದು ಸಲ ನಡೆದರೆ ಕಾಡು. ಹಿಂದೆ ಬೆಳಗಿನ ಜಾವದವರೆಗೆ ನಡೆಯುತ್ತಿದ್ದುದನ್ನು ಎರಡು ಗಂಟೆಗೆ ಇಳಿಸಿದ್ದರು. ಪಾತ್ರಧಾರಿಗಳೆಲ್ಲ ಹಗಲು ಬೇರೆ ಉದ್ಯೋಗ ಮಾಡುವ ತರುಣರೆಂದು ಪಕ್ಕದಲ್ಲಿದ್ದವರು ಹೇಳಿದರು. ಉಚ್ಚಾರಣೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳು ಅಲ್ಲಲ್ಲಿ ಸ್ಥಾನಪಲ್ಲಟವಾಗುತ್ತಿದ್ದವು. ನನ್ನ ಕಿವಿಗೆ ಅದು ಕಲ್ಲು ಸಿಕ್ಕಿದ ಅನ್ನದಂತಿತ್ತು. ಆದರೆ ಹಾಡಿಗೆ ಬಂದಾಗ ಅವರು ಅದನ್ನು ಅಣಕವಾಗಿ 	ಮಾಡಲಿಲ್ಲ. ಹಳೆಯ ರಂಗಗೀತೆಗಳನ್ನು ಈಗಿನವರು ಹಾಡುವಾಗ ಕಣ್ಣು ಮಿಟುಕಿಸುವುದುಂಟು, ನಾವು ಇದಕ್ಕಿಂತ ಜಾಣರು ನೋಡಿ ಎಂಬಂತೆ. ಈ ಮಕ್ಕಳು ಹಾಗೆ ಮಾಡದೆ, ಸದಾರಮೆಯ ದುಃಖವನ್ನು ದುಃಖವೆಂದೇ ನಂಬಿ, ಶ್ರುತಿಗೆ ನಿಂತು, ಕಂಠಬಿಟ್ಟು ಹಾಡಿದರು. ಕಳ್ಳನ ದೃಶ್ಯದಲ್ಲಿ ಸಭೆಯೆಲ್ಲ ನಕ್ಕಿತು. “ಒನ್ಸ್ ಮೋರ್” ಎಂದು ಹಿಂದಿನಿಂದ ಯಾರೋ ಒಬ್ಬ ಮುದುಕರು ಕೂಗಿದರು. ಹಾರ್ಮೋನಿಯಂ ಮೇಷ್ಟರು ನಕ್ಕು ಪಲ್ಲವಿಯನ್ನು ಮತ್ತೊಮ್ಮೆ ಎತ್ತಿಕೊಂಡರು.

ಆಗ ನನ್ನ ಎಡಗಡೆಯಿಂದ ಒಂದು ಧ್ವನಿ ಕೇಳಿಸಿತು. ಮೊದಲು ಅದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಬಹಳ ಕೆಳಗಿನ ಸ್ಥಾಯಿ, ಅಲ್ಲಲ್ಲಿ ಗಾಳಿ ಮಾತ್ರ, ಸ್ವರವಿಲ್ಲ. ಆದರೆ ತಾಳ ಬಿಡದೆ, ಪದ ತಪ್ಪದೆ, ರಂಗದ ಮೇಲಿದ್ದವರು ಕೈಬಿಟ್ಟ ಒಂದು ಸಂಗತಿಯನ್ನೂ ಸೇರಿಸಿಕೊಂಡು ಹೋಗುತ್ತಿತ್ತು. ಅದು ಮಾವನವರ ಸಂಗತಿ, ಜಗಲಿಯ ಮೇಲಿನದು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ನಿಂತುಹೋದೀತೆಂಬ ಭಯ. ಅವಳ ಆಚೆಗೆ ಕುಳಿತಿದ್ದ ಕಾಲೇಜಿನ ಹುಡುಗಿ ಮಾತ್ರ ತಿರುಗಿ ನೋಡಿದಳು, ಹಾಡು ಥಟ್ಟನೆ ನಿಂತಿತು. ಆ ಹುಡುಗಿ ಪುಣ್ಯವಂತೆ. ನಕ್ಕು, ತಲೆಯಾಡಿಸಿ, ಮತ್ತೆ ರಂಗದ ಕಡೆಗೆ ತಿರುಗಿದಳು. ಮುಂದಿನ ಹಾಡಿಗೆ ಮೊದಲನೆಯ ಸಾಲು ಕಳೆದ ಮೇಲೆ ಎಡಗಡೆಯ ಧ್ವನಿ ಪುನಃ ಸೇರಿಕೊಂಡಿತು. ಹೀಗೆ ಮೂರು ಹಾಡು.

ವೈದ್ಯರ ಅಪ್ಪಣೆಯಂತೆ ಕೊರಳಿಗೆ ಕೊಡಬೇಕಾಗಿದ್ದ ವ್ಯಾಯಾಮಗಳನ್ನು ಅವಳು ಎಂಟು ತಿಂಗಳು ಮಾಡಿದ್ದಳು. ಗಾಜಿನ ಲೋಟದ ನೀರಿನಲ್ಲಿ ಕೊಳವೆಯಿಟ್ಟು ಊದುವುದು, ತುಟಿ ಮುಚ್ಚಿ ಗುನುಗುವುದು, ಮಂದ್ರದಿಂದ ಮೆಲ್ಲನೆ ಏರುವುದು. ಅದು ಶಬ್ದವಾಗಿತ್ತು, ಹಾಡಾಗಿರಲಿಲ್ಲ. ಈ ಮೂರು ಹಾಡುಗಳಲ್ಲಿ ಸ್ವರ ಮೇಲಕ್ಕೆ ಹೋಗಬೇಕಾದ ಕಡೆಯಲ್ಲೆಲ್ಲ ಅವಳು ಕೆಳಗಿನಿಂದಲೇ ಬೇರೆ ದಾರಿ ಮಾಡಿಕೊಂಡು ಹೋದಳು. ಮೇಲಿನ ಮನೆ ಇನ್ನು ತನ್ನದಲ್ಲವೆಂದು ಗೊತ್ತಾದವರು ಕೆಳಗಿನ ಮನೆಯನ್ನು ಸಾರಿಸಿ ರಂಗೋಲಿಯಿಡುವಂತಿತ್ತು ಅದು. ನನಗೆ ಸಂಗೀತಶಾಸ್ತ್ರ ತಿಳಿಯದು. ಅದು ಚೆನ್ನಾಗಿತ್ತೆಂದು ಮಾತ್ರ ತಿಳಿಯಿತು.

ಹೊರಗೆ ಬಂದಾಗ ಒಂಬತ್ತೂವರೆ. ನಾಟಕದ ವಿಷಯ ಅವಳು ಮಾತಾಡಲಿಲ್ಲ. ಹಾಡಿನ ವಿಷಯ ನಾನು ಮಾತಾಡಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ರಾತ್ರಿಯ ರೈಲಿಗೆ ಕಾಯುತ್ತ ಇಬ್ಬರೂ ಬಾಳೆಹಣ್ಣು ತಿಂದೆವು. ಗಾಡಿ ಕಂಟೋನ್ಮೆಂಟು ದಾಟಿದ ಮೇಲೆ ಅವಳು, “ಕಳ್ಳನ ಹಾಡನ್ನ ನಮ್ಮಪ್ಪ ಇಷ್ಟು ಬೇಗ ಹಾಡ್ತಿರಲಿಲ್ಲ. ಕಳ್ಳ ಅವಸರ ಮಾಡಿದ್ರೆ ಸಿಕ್ಕಿಬೀಳ್ತಾನೆ ಅನ್ನೋರು” ಎಂದಳು. ಕಿಟಕಿಯ ಹೊರಗೆ ಊರಿನ ದೀಪಗಳು ಮುಗಿಯುವ ಹಾಗೆಯೇ ಇರಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ಕೋಲಾರದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ಅದು ಸಿಕ್ಕಿದ್ದು ಮೂರು ವರುಷ ತಡವಾಗಿ, 1905ರಲ್ಲಿ. ಇದನ್ನೂ ನಾನು ಪ್ರತಿಸಲವೂ ಹೇಳುತ್ತೇನೆ. ಅಂದು ಹೇಳಲಿಲ್ಲ, ಅವಳು ಹೊಸ ಸೀರೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು.

ಬಂಗಾರಪೇಟೆಯಲ್ಲಿ ಇಳಿದಾಗ ನಡುರಾತ್ರಿ. ಸ್ಟೇಷನ್ನಿನ ಹೊರಗೆ ಒಂದೇ ಒಂದು ಆಟೋ ಇತ್ತು. ಓಡಿಸುವವನು ನನ್ನ ಹಳೆಯ ವಿದ್ಯಾರ್ಥಿ. ಎರಡು ವರುಷದ ಹಿಂದೆ ನಮ್ಮನ್ನು ಆಸ್ಪತ್ರೆಯ ಗಾಡಿಗೆ ಮುಟ್ಟಿಸಿದವನೂ ಅವನೇ. ಅಷ್ಟು ಹೊತ್ತಿನಲ್ಲಿ ನಮ್ಮಿಬ್ಬರನ್ನು ಕಂಡು ಅವನ ಮುಖ ಇಳಿಯಿತು. ಸೀಟನ್ನು ಟವಲಿನಿಂದ ಒರಸಿ, ನನ್ನ ಕಡೆ ಬಾಗಿ, ಮೆಲ್ಲಗೆ, “ಅಮ್ಮನವರಿಗೆ ಮತ್ತೆ ಏನಾದ್ರೂ ತೊಂದರೆ ಆಯ್ತಾ ಸಾರ್? ಆಸ್ಪತ್ರೆಯಿಂದ ಬರ್ತಿದೀರಾ?” ಎಂದನು.

ನಾನು ಬಾಯಿ ತೆರೆಯುವುದರೊಳಗಾಗಿ ಹಿಂದಿನಿಂದ, “ಇಲ್ಲಪ್ಪಾ,” ಎಂದಳು, “ನಾಟಕಕ್ಕೆ ಹೋಗಿದ್ವಿ.”

ಅವನು ನಂಬಲಿಲ್ಲವೆಂದು ತೋರುತ್ತದೆ. ದಾರಿಯುದ್ದಕ್ಕೂ ಆಟೋವನ್ನು ಹಳ್ಳದಿಣ್ಣೆಗಳಲ್ಲಿ ಬಹಳ ನಿಧಾನವಾಗಿ ನಡೆಸಿದನು.